ಭಾವನ ಮರುಕೂಗು

ಈಸ್ಟರ್ ಭಾನುವಾರ ಮಧ್ಯಾಹ್ನ, ಸಿಡ್ನಿಯ ಗಿರಾವೀನ್‌ನಲ್ಲಿ ಲ್ಯಾನ್ಸ್‌ಲೊಟ್ ಅಂಕಲ್ ಮನೆಯ ಹಿತ್ತಲಲ್ಲಿ, ಸುಘೋಷ್ ತನ್ನ ಭಾವನನ್ನು ಅಷ್ಟೂ ಜನರೆದುರು ಬಟ್ಟೆ ಬಿಚ್ಚಿ ನಿಲ್ಲಿಸಿಬಿಟ್ಟ. ಕೈಯಿಂದಲ್ಲ, ಗಂಟಲಿನಿಂದ.

ಅವನ ಗಂಟಲೇ ಅಂಥದ್ದು. ಯಾರ ದನಿಯಾದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಸುಮ್ಮನಿರು ಅಂದರೆ ಮಾತ್ರ ಅವನಿಂದ ಆಗದು. ಕೂತರೆ ಮೊಣಕಾಲು ಕುಣಿಯುತ್ತದೆ, ನಿಂತರೆ ಬೆರಳು ತಾಳ ಹಾಕುತ್ತದೆ, ಮಲಗಿದರೂ ಕಾಲ ಹೆಬ್ಬೆರಳು ಎಚ್ಚರವಾಗಿಯೇ ಇರುತ್ತದೆ ಅಂತ ಹೆಂಡತಿ ಶ್ರೀಲಕ್ಷ್ಮಿಯ ದೂರು. ಮೆಲ್ಬರ್ನಿನ ಟ್ರುಗನಿನಾದಲ್ಲಿ ಅವರ ಮನೆ. ಅದೇ ಕಡೆಯ ಪಾಯಿಂಟ್ ಕುಕ್‌ನಲ್ಲಿ ಶ್ರೀಲಕ್ಷ್ಮಿಯ ಅಣ್ಣ ತ್ರಿವಿಕ್ರಮ, ಅತ್ತಿಗೆ ಜಯಾ. ಮೂಲತಃ ಎಲ್ಲರೂ ಮೈಸೂರಿನವರು.

ತ್ರಿವಿಕ್ರಮ ನಗುವುದನ್ನು ಸುಘೋಷ್ ಕಂಡಿದ್ದೇ ಇಲ್ಲ. ಮುಖದಲ್ಲಿ ಭಾವವೇ ಇಲ್ಲದ ಭಾವ ಅಂತ ಮದುವೆಯ ವರ್ಷವೇ ಹೆಸರಿಟ್ಟಿದ್ದ. ಆ ಮುಖ ಸ್ವಲ್ಪವಾದರೂ ಸಡಿಲವಾಗುತ್ತಿದ್ದದ್ದು ಹಳೇ ಕೋವಿಗಳ ಮುಂದೆ ಮಾತ್ರ. ಎರಡನೇ ಮಹಾಯುದ್ಧದ ಕಾಲದ, ಇದೇ ಆಸ್ಟ್ರೇಲಿಯಾದ ಲಿತ್‌ಗೋದಲ್ಲಿ ತಯಾರಾದ ತ್ರೀ ನಾಟ್ ತ್ರೀಗಳು. ಊರಲ್ಲಿ ಪೊಲೀಸ್ ಪೇದೆಯ ಹೆಗಲ ಮೇಲೆ ಕಂಡಿದ್ದವಲ್ಲ, ಅವುಗಳ ಅಣ್ಣತಮ್ಮಂದಿರು. ಅಂಥ ಮೂರನ್ನು ಲೈಸೆನ್ಸ್ ಮಾಡಿಸಿ, ಉಕ್ಕಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ತಿಂಗಳಿಗೊಮ್ಮೆ ಹೊರತೆಗೆದು, ಮರದ ಹಿಡಿಗೆ ಅಗಸೆ ಎಣ್ಣೆಯನ್ನು ಬರೀ ಅಂಗೈಯಿಂದ, ಮಗುವಿಗೆ ಎಣ್ಣೆ ಹಚ್ಚುವಷ್ಟು ನಿಧಾನವಾಗಿ ತಿಕ್ಕುತ್ತಿದ್ದ. ಅದನ್ನು ನೋಡಿ ನೋಡಿ ಸುಘೋಷನೂ ಒಂದು ಕೊಂಡ. ಅದೂ ಒಂಥರಾ ಮಿಮಿಕ್ರಿಯೇ ಅಂತ ಶ್ರೀಲಕ್ಷ್ಮಿ ಅಂದಿದ್ದಳು. ಭಾನುವಾರ ಎರಡೂ ಸಂಸಾರ ಶೂಟಿಂಗ್ ರೇಂಜಿಗೆ ಹೋಗುವುದು, ಜಯಾಳ ಪುಳಿಯೋಗರೆ, ಕಾಗದದ ಗುರಿಗೆ ಸರದಿಯ ಮೇಲೆ ಗುಂಡು, ಆಮೇಲೆ ಯಾರದು ಎಷ್ಟು ಪಾಯಿಂಟ್ ಅನ್ನುವ ಜಗಳ. ಗೆಲ್ಲುತ್ತಿದ್ದವಳು ಬಹುತೇಕ ಶ್ರೀಲಕ್ಷ್ಮಿ.

ಲ್ಯಾನ್ಸ್‌ಲೊಟ್ ಅಂಕಲ್ ಇವರಿಗೆಲ್ಲ ಹಿರಿಯರು. ಮಂಗಳೂರಿನವರು, ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತರಾಗಿ ಗಿರಾವೀನ್‌ನಲ್ಲಿದ್ದರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲದಲ್ಲಿ ಮಾಂಸ ಮುಟ್ಟದೆ ಇದ್ದು, ಈಸ್ಟರ್ ಪೂಜೆ ಮುಗಿಸಿ ಎಲ್ಲರಿಗೂ ಊಟ ಹಾಕಿ, ಮರುದಿನ ಬೆಳಗ್ಗೆ ಗೌಲ್ಬರ್ನ್ ಆಚೆ ಸ್ನೇಹಿತನ ಕುರಿ ಫಾರ್ಮಿನಲ್ಲಿ ಕೆಂಜಿಂಕೆ ಬೇಟೆಗೆ ಹೋಗುವುದು ಅವರ ವಾಡಿಕೆ. ಏಪ್ರಿಲ್ ಅಂದರೆ ಗಂಡುಜಿಂಕೆಗಳು ಹೆಣ್ಣಿಗಾಗಿ ಗುಟುರು ಹಾಕುವ ಕಾಲ. ಬೇಟೆಗಾರ ಅದೇ ಗುಟುರನ್ನು ಅಣಕಿಸಿದರೆ, ಯಾವನೋ ಪ್ರತಿಸ್ಪರ್ಧಿ ಬಂದ ಅಂತ ಗಂಡು ತಾನಾಗಿ ಹುಡುಕಿಕೊಂಡು ಬರುತ್ತದೆ. ಈ ವರ್ಷ ಮೊದಲ ಬಾರಿಗೆ ಸುಘೋಷನಿಗೂ ಕರೆ ಬಂದಿತ್ತು. ಬರೀ ಕಾಗದ ಹೊಡೆದು ಸಾಕಾಗಿದ್ದವನಿಗೆ ವಾರದಿಂದ ನಿದ್ದೆ ಇರಲಿಲ್ಲ.

ಆ ಭಾನುವಾರ ಊಟದ ಹೊತ್ತಿಗೆ ಅಂಕಲ್ ಹೆಂಡತಿ ಬರ್ಥಾ ಆಂಟಿ ಕೇಳಿಕೊಂಡರು ಅಂತಲೇ ಮಿಮಿಕ್ರಿ ಶುರುವಾದದ್ದು. ಸುಘೋಷ್ ಮೊದಲು ಚರ್ಚಿನ ಪಾದ್ರಿಯಾದ, ಆಮೇಲೆ ಲ್ಯಾನ್ಸ್‌ಲೊಟ್ ಅಂಕಲ್ಲೇ ಆದ. ನಗು ಏರಿತು. ಏರಿದ ನಗುವನ್ನು ಇಳಿಯಲು ಬಿಟ್ಟು ಅವನಿಗೆ ಗೊತ್ತಿಲ್ಲ. ಭಾವ ರೇಂಜಿನಲ್ಲಿ ಬೋರಲು ಮಲಗಿ, ಕನ್ನಡಕ ಏರಿಸಿ, ಗುಂಡು ಹಾರಿಸಿ, ಸ್ಕ್ಯಾನ್ ರಿಪೋರ್ಟ್ ಓದುವ ಡಾಕ್ಟರರ ಥರ ವರದಿ ಕೊಡುವುದನ್ನು ಮಾಡಿದ: "ನೋಡಿ, ಸ್ವಲ್ಪ ಎಡಕ್ಕೆ ಹೋಗಿದೆ. ಗಾಳಿಯಿಂದ ಅಂತ ನಾನು ಹೇಳೋದಿಲ್ಲ. ಆದರೆ ಗಾಳಿ ಇತ್ತು."

ಜನ ಹೊಟ್ಟೆ ಹಿಡಿದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದೇ ದನಿಯಲ್ಲಿ, ಅದೇ ಕನ್ನಡಕ ಏರಿಸಿ, ನಾಲಿಗೆ ಮುಂದೆ ಓಡಿತು: "ನೋಡಿ, ಕಂಪನಿಯವರು ನನ್ನನ್ನ ತೆಗೆದಿಲ್ಲ. ನನ್ನ ಪೊಸಿಷನ್ ತೆಗೆದಿದ್ದಾರೆ. ಪೊಸಿಷನ್ ಹೋಗಿದೆ, ನಾನು ಇದೀನಿ."

ಕೆಲವರು ನಕ್ಕರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತ್ರಿವಿಕ್ರಮನ ಕೆಲಸ ಹೋಗಿದ್ದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಇಡ್ಲಿಯಂಥ ಸಾನ್ನದ ತಟ್ಟೆ ಹಿಡಿದು ಅವನೇ ನಿಂತಿದ್ದ. ತಟ್ಟೆಯನ್ನು ಮೇಜಿನ ಮೇಲಿಟ್ಟ, ಅಲುಗಿದ ಒಂದು ಸಾನ್ನವನ್ನು ಬೆರಳಿಂದ ಸರಿಮಾಡಿದ, ಒಳಗೆ ಹೋದ. ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಸುಘೋಷನಿಗೆ ಜೀವ ಹೋದದ್ದು ಅದಕ್ಕೇ.

ಸಂಜೆ ಶ್ರೀಲಕ್ಷ್ಮಿ ಬೈಯಲಿಲ್ಲ. ಅಣ್ಣನ ಹತ್ತಿರ ನಿನ್ನ ಸ್ವಂತ ಬಾಯಲ್ಲಿ ಕ್ಷಮೆ ಕೇಳು, ಕೇಳದೆ ಮೆಲ್ಬರ್ನಿಗೆ ವಾಪಸ್ ಹೋಗೋದು ಬೇಡ, ಅಂದಳು. ಕೇಳುತ್ತೇನೆ ಅಂತ ಅವನು ನಾಲ್ಕಾರು ಸಲ ಎದ್ದ. ಭಾವ ಗರಾಜಿನಲ್ಲಿ ಬೇಟೆಯ ಸಾಮಾನು ಕಟ್ಟುತ್ತಿದ್ದ. ಹತ್ತಿರ ಹೋದಾಗಲೆಲ್ಲ ಸುಘೋಷನ ಬಾಯಿಗೆ ಬೇರೆ ಯಾರದ್ದೋ ದನಿ ಬರುತ್ತಿತ್ತು, ತನ್ನದು ಬರುತ್ತಿರಲಿಲ್ಲ. ಟಾರ್ಚ್ ಬೇಕಾ ಭಾವ, ನೀರು ತರಲಾ ಭಾವ, ಅಂತ ಕೇಳಿ ಹಿಂದೆ ಬಂದ.

ಬೆಳಗಾಗುವ ಮುಂಚೆ ಫಾರ್ಮಿನಲ್ಲಿದ್ದರು. ಹುಲ್ಲಿನ ಮೇಲೆ ಮಂಜು ಕೂತಿತ್ತು. ಲ್ಯಾನ್ಸ್‌ಲೊಟ್ ಅಂಕಲ್ ಇಬ್ಬರಿಗೂ ಕಿತ್ತಳೆ ಬಣ್ಣದ ಟೋಪಿ ಕೊಟ್ಟು, ತಮ್ಮ ವ್ಯಾಕ್ಯೂಮ್ ಕ್ಲೀನರಿನ ಹಳೇ ಪೈಪಿನ ತುಂಡು ಎತ್ತಿ ತೋರಿಸಿದರು. ಗುಟುರು ಹಾಕುವುದು ಅದರಿಂದ.

"ಕೇಳಿ ಮಾರಾಯರೇ, ಮೂರೇ ಮಾತು. ಕೂಗುವುದು ನಾನು ಒಬ್ಬನೇ. ಟೋಪಿ ತೆಗೀಲಿಕ್ಕಿಲ್ಲ. ಕೂತ ಜಾಗ ಬಿಟ್ಟು ಏಳ್ಲಿಕ್ಕಿಲ್ಲ, ನಾನು ಬಂದು ಕರೀಬೇಕು. ಇಲ್ಲಿ ಪ್ರತಿ ವರ್ಷ ಜಿಂಕೆ ಅಂತ ಮನುಷ್ಯರು ಮನುಷ್ಯರನ್ನೇ ಹುಡುಕಿಕೊಂಡು ಹೋಗುವುದುಂಟು. ಗೊತ್ತಾಯ್ತಲ್ಲ?"

ಗೊತ್ತಾಯಿತು. ತ್ರಿವಿಕ್ರಮ ಹಳ್ಳದ ಆಚೆ ಗುಡ್ಡಕ್ಕೆ ಹೋದ. ಸುಘೋಷ್ ಈಚೆ, ಬಿದ್ದ ಮರದ ಹಿಂದೆ ಕೂತ. ಅಂಕಲ್ ದೂರದ ಏರಿನಲ್ಲಿ ಮರೆಯಾದರು.

ಸುಮ್ಮನೆ ಕೂರುವುದು ಇಷ್ಟು ದೊಡ್ಡ ಕೆಲಸ ಅಂತ ಯಾರೂ ಹೇಳಿರಲಿಲ್ಲ. ಮೊದಲು ಮೊಣಕಾಲು ಶುರುಮಾಡಿತು. ಅದನ್ನು ಕೈಯಿಂದ ಅದುಮಿದ. ಕೈ ಶುರುವಾಯಿತು. ಬಿಸಿಲು ಬಂದ ಮೇಲೆ ಟೋಪಿಯೊಳಗೆ ತಲೆ ಕೆರೆಯತೊಡಗಿತು. ಒಂದು ನಿಮಿಷ ಅಂತ ತೆಗೆದು ಜೇಬಿಗೆ ತುರುಕಿದ, ಹಾಕಿಕೊಳ್ಳುವುದು ಮರೆತ. ಅಂಕಲ್ ಎರಡು ಸಲ ಕೂಗಿ ಸುಮ್ಮನಾದರು. ಆ ಪೈಪಿನ ಕೂಗು ಸುಘೋಷನಿಗೆ ಏನೂ ಹಿಡಿಸಲಿಲ್ಲ, ನೆಗಡಿಯಾದ ಎಮ್ಮೆಯ ಹಾಗಿತ್ತು. ಈ ನಡುವೆ ಭಾವನ ಮುಖ, ಬೆರಳಿಂದ ಸರಿಮಾಡಿದ ಆ ಸಾನ್ನ, ಮತ್ತೆ ಮತ್ತೆ ಕಣ್ಣೆದುರು. ಕ್ಷಮಿಸಿ ಭಾವ ಅಂತ ಒಳಗೊಳಗೇ ಹೇಳಿ ನೋಡಿದ. ಅದು ಪಾದ್ರಿಯ ದನಿಯಲ್ಲಿ ಬಂತು. ತನ್ನ ಮೇಲೇ ಸಿಟ್ಟು ಬಂತು. ಏನಾದರೂ ಮಾಡದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ, ಅಂಗೈಗಳನ್ನು ಬಾಯಿಗೆ ಬೊಗಸೆ ಮಾಡಿ, ಹೊಟ್ಟೆಯಾಳದಿಂದ ಒಂದು ಗುಟುರು ಹಾಕಿದ.

ಏರಿನಲ್ಲಿ ಸೆಕೆಂಡ್ ಗೇರಿಗೆ ಬಿದ್ದ ಹಳೇ ಬಸ್ಸಿನಂತೆ ಅದು ಹಳ್ಳದುದ್ದಕ್ಕೂ ಉರುಳಿತು. ಅವನಿಗೇ ಮೈ ಜುಮ್ಮೆಂದಿತು.

ಸ್ವಲ್ಪ ಹೊತ್ತಿಗೆ ಹಳ್ಳದಾಚೆಯಿಂದ ಉತ್ತರ ಬಂತು. ದಪ್ಪ, ಒರಟು, ಅಸಲಿ ಗುಟುರು. ಸುಘೋಷನ ಕುಣಿಯುತ್ತಿದ್ದ ಮೊಣಕಾಲು ತಾನಾಗಿ ನಿಂತಿತು. ಮತ್ತೆ ಕೂಗಿದ. ಉತ್ತರ ಹತ್ತಿರವಾಗಿತ್ತು. ಕೋವಿಯನ್ನು ಮರದ ಮೇಲಿಟ್ಟು, ಹಿಡಿಗೆ ಕೆನ್ನೆ ಒತ್ತಿದ. ಅಗಸೆ ಎಣ್ಣೆಯ ವಾಸನೆ ಬಂತು. ಒಂದು ಗಂಡುಜಿಂಕೆ ಸಿಕ್ಕಿದರೆ, ಭಾವನನ್ನೇ ಮೊದಲು ಕರೆದು, ಇದು ನಿಮ್ಮದು, ನಾನು ಕಲಿತದ್ದೆಲ್ಲ ನಿಮ್ಮಿಂದ ಅನ್ನಬಹುದು. ಆ ಮಾತಿನ ಹಿಂದೆ ಕ್ಷಮೆಯೂ ನುಸುಳಿ ಬರಬಹುದು. ಹೀಗೆ ಲೆಕ್ಕ ಹಾಕುತ್ತಿರುವಾಗ ಆಚೆ ದಡದ ಜರೀಗಿಡಗಳು ಅಲುಗಿದವು. ಕಂದು ಬಣ್ಣದ್ದೇನೋ ನೆಲಕ್ಕೆ ತಾಗಿಕೊಂಡು ಸರಿಯಿತು. ಸುಘೋಷ್ ಸೇಫ್ಟಿ ತೆಗೆದ. ಹಳೇ ಮಿಲಿಟರಿ ಕೋವಿ, ದುರ್ಬೀನು ಇಲ್ಲ. ಗುರಿಯ ಮುಳ್ಳಿನಾಚೆ ಕಂದು ಕಂದಾಗಿಯೇ ಇತ್ತು.

ಇನ್ನೊಂದೇ ಕೂಗು, ತಲೆ ಎತ್ತುತ್ತದೆ.

ಆದರೆ ಅವನ ಗಂಟಲಿಗೆ ಎಂಥ ಹೊತ್ತಿನಲ್ಲೂ ಕಿಡಿಗೇಡಿತನ ಬಿಡದು. ಆ ಕೊನೆಯ ಗುಟುರಿನ ಬಾಲಕ್ಕೆ, ಯಾಕೆ ಅಂತ ಅವನನ್ನೇ ಕೇಳಬೇಕು, ಮೈಸೂರಿನ ಕೇರಿಗಳಲ್ಲಿ ಬೆಳಬೆಳಗ್ಗೆ ಸೊಪ್ಪು ಮಾರುವವಳು ಕೊನೆಗೆ ಎಳೆಯುವ ಒಂದು ಸುಳಿಯಿದೆಯಲ್ಲ, ಸೊಪ್ಪೇಏಏ ಅಂತ ಕೆಳಗಿಳಿದು ಥಟ್ಟನೆ ಮೇಲಕ್ಕೆ ಕೊಂಕುವುದು, ಅದನ್ನು ಸಣ್ಣಗೆ ಅಂಟಿಸಿಬಿಟ್ಟ.

ಜರೀಗಿಡಗಳಿಂದ ಉತ್ತರ ಬಂತು. ಗುಟುರು, ಗುಟುರು, ಕೊನೆಗೆ ಕೆಳಗಿಳಿದು, ಥಟ್ಟನೆ ಮೇಲಕ್ಕೆ, ಅದೇ ಕೊಂಕು.

ಸುಘೋಷನ ಬೆರಳು ಟ್ರಿಗರಿನ ಪಕ್ಕದಲ್ಲೇ ಮರಗಟ್ಟಿತು. ಜಿಂಕೆ ಜಗಳಕ್ಕೆ ಕೂಗುತ್ತದೆ, ಅಣಕಿಸಲು ಕೂಗುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಒಪ್ಪಿಸುವ ಪ್ರಾಣಿ ಒಂದೇ. ಅದರಲ್ಲೂ ಸೊಪ್ಪಿನವಳ ಈ ಸುಳಿಯನ್ನು ಒಂದೇ ಸಲಕ್ಕೆ ಇಷ್ಟು ಚೊಕ್ಕವಾಗಿ ಕೊಂಕಿಸಬೇಕಾದರೆ, ಆ ಗಂಟಲು ಮೈಸೂರಿನ ಕೇರಿಯಲ್ಲಿ ಎದ್ದು ಹಲ್ಲುಜ್ಜಿರಬೇಕು.

ಸೇಫ್ಟಿ ಹಾಕಿ ಕೋವಿಯನ್ನು ನೆಲಕ್ಕೆ ಮಲಗಿಸಿದ. ಆಗ ಎರಡನೆಯ ಯೋಚನೆ ಬಂತು, ಮೊದಲನೆಯದಕ್ಕಿಂತ ತಣ್ಣಗೆ. ತನಗೆ ಅದು ಭಾವ ಅಂತ ಗೊತ್ತಾಯಿತು. ಭಾವನಿಗೆ ಇದು ಜಿಂಕೆಯೇ. ಕಂದು ಜಾಕೆಟ್ಟು, ಜೇಬಿನಲ್ಲಿ ಟೋಪಿ, ಮರದ ಹಿಂದಿನಿಂದ ಇಣುಕುವ ಕೆದರಿದ ತಲೆ. ವರ್ಷಗಟ್ಟಲೆ ಕಾಗದದ ನಡುಮಧ್ಯಕ್ಕೆ ಗುಂಡು ಕೂರಿಸಿದವನ ಕೋವಿ ಈಗ ಎಲ್ಲಿಗೆ ನೆಟ್ಟಿದೆಯೋ.

ಕೂಗಬೇಕಿತ್ತು. ಬಾಯಿ ತೆಗೆದ. ಪಾದ್ರಿ ಬರಲಿಲ್ಲ, ಅಂಕಲ್ ಬರಲಿಲ್ಲ, ಯಾರೂ ಬರಲಿಲ್ಲ. ಬಂದದ್ದು ತೆಳುವಾದ, ಸ್ವಲ್ಪ ಒಡಕಾದ, ಅವನೇ ಬಹಳ ದಿನದಿಂದ ಕೇಳಿರದ ದನಿ.

"ಭಾವ. ನಾನು. ಸುಘೋಷ್."

ಜರೀಗಿಡಗಳ ಅಲುಗಾಟ ನಿಂತಿತು. ಆಮೇಲೆ ಬೋಲ್ಟ್ ಎಳೆದ ಸದ್ದು, ತೋಟಾಗಳು ಒಂದೊಂದೇ ಹುಲ್ಲಿಗೆ ಬಿದ್ದ ಸದ್ದು. ಜರೀಗಿಡಗಳ ನಡುವಿನಿಂದ ಕಿತ್ತಳೆ ಟೋಪಿಯೊಂದು ಮೆಲ್ಲಗೆ ಮೇಲೆದ್ದಿತು. ಅದರ ಕೆಳಗೆ ತ್ರಿವಿಕ್ರಮ. ಆ ಮುಖದಲ್ಲಿ ಭಾವ ಇರಲಿಲ್ಲ ಅಂತ ಇನ್ನು ಯಾರೂ ಹೇಳುವ ಹಾಗಿರಲಿಲ್ಲ. ಹಳ್ಳ ದಾಟಿ ಬಂದು, ಬಿದ್ದ ಮರದ ಮೇಲೆ ಕುಸಿದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಟೋಪಿ ಎಲ್ಲಿ?"

ಸುಘೋಷ್ ಜೇಬು ಮುಟ್ಟಿಕೊಂಡ.

"ಒತ್ತುತ್ತಾ ಇದ್ದೆ ಕಣೋ," ಅಂದ ತ್ರಿವಿಕ್ರಮ. "ಆಗ್ಲೇ ಅರ್ಧ ಒತ್ತಿದ್ದೆ."

ಸುಘೋಷ್ ಟೋಪಿ ತೆಗೆದು ತಲೆಗೆ ಹಾಕಿಕೊಂಡ. ಜಾಗ ಬಿಟ್ಟು ಯಾಕೆ ಬಂದಿರಿ ಅಂತ ಕೇಳಿದ. ತ್ರಿವಿಕ್ರಮ ನೆಲ ನೋಡುತ್ತ ಹೇಳಿದ. ಅಂಥ ಗುಟುರು ಕೇಳಿ ಕೂರಲಾಗಲಿಲ್ಲವಂತೆ, ಕೊನೆಯ ಕೊಂಕನ್ನೂ ಜಿಂಕೆಯದೇ ಅಂದುಕೊಂಡು ಹಾಗೇ ಅಣಕಿಸಿದನಂತೆ. ಕೆಲಸ ಹೋದಂದಿನಿಂದ ಎಲ್ಲೂ ಕೂರಲಾಗುತ್ತಿಲ್ಲವಂತೆ. ಮನೆಯಲ್ಲಿ ಜಯಾಳೆದುರು ಕೂರಲಾರದೆ ಬೆಳಗ್ಗೆ ಕಾರು ತೆಗೆದು ಫ್ರೀವೇಗೆ ಹೋಗುತ್ತಿದ್ದನಂತೆ. ಗಾಜು ಏರಿಸಿಕೊಂಡು, ಪಾಯಿಂಟ್ ಕುಕ್‌ನಿಂದ ಸಿಟಿಯವರೆಗೂ ಜಿಂಕೆಯ ಗುಟುರು ಕಲಿಯುತ್ತ. ಟ್ರಾಫಿಕ್ಕಿನಲ್ಲಿ ಪಕ್ಕದ ಕಾರಿನವರು ನೋಡುತ್ತಿದ್ದರಂತೆ. ಫೋನಿನಲ್ಲಿ ಮಾತಾಡುತ್ತಿದ್ದಾನೆ ಅಂದುಕೊಂಡಿರಬೇಕು.

"ನಿನ್ನ ಥರ ನನಗೂ ಒಂದು ಬರಬೇಕು ಅನ್ನಿಸಿತ್ತು," ಅಂದ. "ಒಂದೇ ಒಂದು."

ಸುಘೋಷ್ ಬಾಯಿ ತೆರೆದ. ಅಷ್ಟರಲ್ಲಿ ಲ್ಯಾನ್ಸ್‌ಲೊಟ್ ಅಂಕಲ್ ಏರಿಳಿದು ಬರುವುದು ಕಾಣಿಸಿತು. ಇಬ್ಬರೂ ಎದ್ದು, ಏನಾಯಿತೋ ಅದನ್ನೆಲ್ಲ ಮುಚ್ಚಿಡದೆ ಹೇಳಿದರು. ಅಂಕಲ್ ದನಿ ಏರಿಸಲಿಲ್ಲ. ಪೈಪಿನ ತುಂಡನ್ನು ಬ್ಯಾಗಿಗೆ ಹಾಕಿ, ಕೋವಿಗಳು ಖಾಲಿಯಿವೆಯಾ ಅಂತ ತಾವೇ ನೋಡಿ, ನಡೀರಿ ಮನೆಗೆ, ಇನ್ನು ನಿಮಗೆ ಕಾಗದವೇ ಸಾಕು, ಅಂದರು. ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ.

ಗಿರಾವೀನ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ನಿನ್ನೆಯ ಜನವೇ ಮತ್ತೆ ಸೇರಿತ್ತು. ಜಿಂಕೆ ಇಲ್ಲ ಅಂತ ತಿಳಿದು ಬರ್ಥಾ ಆಂಟಿ ಕೋಳಿ ಸುಕ್ಕಾ ಮಾಡಿದ್ದರು. ಅಂಕಲ್ ಯಾರಿಗೂ ಕಾರಣ ಹೇಳಿರಲಿಲ್ಲ. ಬೇಟೆಯಲ್ಲಿ ಏನಾಯ್ತು, ಸುಘೋಷ್, ಮಾಡಿ ತೋರಿಸು ಮಾರಾಯ, ಜಿಂಕೆ ಹೇಗೆ ಕೂಗಿತು, ಅಂತ ಮೇಜಿನ ಸುತ್ತ ಒತ್ತಾಯ ಶುರುವಾಯಿತು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಮೇಜಿನ ಕೆಳಗೆ ಮೊಣಕಾಲು ಮತ್ತೆ ಕುಣಿಯುತ್ತಿತ್ತು. ಎದುರಿನಿಂದ ಶ್ರೀಲಕ್ಷ್ಮಿ ಅವನನ್ನೇ ನೋಡುತ್ತಿದ್ದಳು.

ಎದ್ದು ನಿಂತವನು ತ್ರಿವಿಕ್ರಮ. ಕನ್ನಡಕ ತೆಗೆದು ಜಯಾಳ ಕೈಗೆ ಕೊಟ್ಟ. ಬಾಯಿಗೆ ಬೊಗಸೆ ಹಿಡಿದು, ಗಿರಾವೀನ್‌ನ ಬೇಲಿಗಳೆಲ್ಲ ಅದುರುವ ಹಾಗೆ ಒಂದು ಗುಟುರು ಹಾಕಿದ. ಪಕ್ಕದ ಮನೆಯ ನಾಯಿ ಬೊಗಳಿತು. ಮೇಜು ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಗೊಳ್ಳೆಂದು ನಕ್ಕಿತು. ಎಲ್ಲಿ ಕಲಿತೆ ಮಾರಾಯ ಅಂತ ಬರ್ಥಾ ಆಂಟಿ ಕಣ್ಣೊರೆಸಿಕೊಂಡರು.

"ಕೆಲಸ ಹೋಗಿದೆಯಲ್ಲ ಆಂಟಿ, ಟೈಮಿತ್ತು," ಅಂದ ತ್ರಿವಿಕ್ರಮ, ಕೂತುಕೊಳ್ಳುತ್ತ.

ನಗು ಇನ್ನೂ ಜೋರಾಯಿತು, ಈ ಸಲ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರೋ ಅವನ ಬೆನ್ನು ತಟ್ಟಿದರು, ಯಾರೋ ತಮ್ಮ ಆಫೀಸಿನಲ್ಲಿ ಜಾಗ ಇದೆಯಾ ಕೇಳುತ್ತೇನೆ ಅಂದರು. ಆ ಗದ್ದಲದ ಮರೆಯಲ್ಲಿ ಸುಘೋಷ್ ಭಾವನ ಕಡೆ ಬಾಗಿ, ಬೆಳಗ್ಗೆ ಹಳ್ಳದಲ್ಲಿ ಬಂದಿದ್ದ ಅದೇ ತೆಳು ದನಿಯಲ್ಲಿ, ನಿನ್ನೆ ಮಾಡಿದ್ದು ತಪ್ಪಾಯ್ತು, ಅಂದ.

ತ್ರಿವಿಕ್ರಮ ಸುಕ್ಕಾ ಬಡಿಸಿಕೊಳ್ಳುತ್ತಿದ್ದ. "ಕೇಳಿಸಲಿಲ್ಲ," ಅಂದ. "ಇನ್ನೊಂದ್ಸಲ ಹೇಳು."

ಇಷ್ಟು ವರ್ಷ ಕೋವಿಯ ಸದ್ದಿಗೆ ಕಿವಿ ನಿಜಕ್ಕೂ ಮಂದವಾಗಿದೆಯೋ, ಬೇಕೆಂದೇ ಅಂದನೋ, ಆ ಮುಖ ನೋಡಿ ಯಾರಿಗೂ ಹೇಳಲಾಗುತ್ತಿರಲಿಲ್ಲ. ಸುಘೋಷ್ ತಟ್ಟೆ ಸರಿಸಿ ಎದ್ದು ನಿಂತ. ಈಗ ಯಾರ ದನಿಯೋ ಅಂತ ಮೇಜಿನ ತುಂಬ ನಗುಮುಖಗಳು ಅವನತ್ತ ತಿರುಗಿ, ಮಿಮಿಕ್ರಿಗೆ ಕಾದು, ಒಂದೊಂದಾಗಿ ಸುಮ್ಮನಾದವು. ಅವನು ಇನ್ನೊಂದು ಸಲ ಹೇಳಿದ, ಎಲ್ಲರಿಗೂ ಕೇಳಿಸುವ ಹಾಗೆ.