ವಾಡೆಯ ಹೊಲಕ್ಕೆ ಮೊದಲ ನೇಗಿಲು

ಇಟಲಿಯ ಯುದ್ಧದಲ್ಲಿ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಸಾಗಿಸುತ್ತಿದ್ದ ಕಾಶಿರಾಮ ೧೯೪೬ರ ಬೇಸಿಗೆಯಲ್ಲಿ ತೇರಗಾಂವದ ಹತ್ತಿರದ ತನ್ನ ಹಳ್ಳಿಗೆ ಮರಳಿದ. ಬಂದವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಊಟದ ನಡುವೆಯೇ ಎದ್ದು ಹಿತ್ತಲಿಗೆ ಹೋಗಿ ಎತ್ತುಗಳ ಮೈ ತಿಕ್ಕುತ್ತಿದ್ದ. "ನಿಮಗೇನಾಗೇತ್ರಿ?" ಎಂದು ಹೆಂಡತಿ ಗಿರಿಜಾಬಾಯಿ ಕೇಳಿದರೆ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದ.

ಮುಂಗಾರಿನ ಮೊದಲ ಮಳೆಯಾದ ಮಿರಗ ಬಿದ್ದ ಮರುದಿನ ಊರಿನ ಜಮೀನುದಾರ ದೇಸಾಯರ ಆಳು ಬಾಗಿಲಲ್ಲಿ ಕೂಗಿದ: "ನಾಳೆ ವಾಡೇದ ಹೊಲಕ್ಕ ಎತ್ತು ಹೊಡಕೊಂಡು ಬರ್ರಿ!" ದೇಸಾಯರ ಒಕ್ಕಲೆಲ್ಲ ಮೊದಲು ಅವರ ವಾಡೆಯ, ಅಂದರೆ ದೊಡ್ಡಮನೆಯ, ಹೊಲವನ್ನು ಬಿಟ್ಟಿ ಉತ್ತು, ಮಣ್ಣಿನ ಹದ ಉಳಿದರೆ ತಮ್ಮದನ್ನು ಉಳಬೇಕಿತ್ತು. ಕಾಶಿರಾಮನ ಅಪ್ಪ ಪುಂಡಲೀಕ ನೊಗ ಹುಡುಕತೊಡಗಿದ.

"ಯಪ್ಪಾ, ನಮ್ಮ ಹೊಲ ಅವರದಾಗಿದ್ದು ಹೆಂಗ?"

"ನಮ್ಮ ಮುತ್ಯಾನ ಕಾಲಕ್ಕ ಲೂಟಿ ಮಾಡವರು ಬರತಿದ್ರು. ಕಾಯವರು ಯಾರೂ ಇರಲಿಲ್ಲ. ಹೊಲ ವಾಡೇಕ ಒಪ್ಪಿಸಿ ಜೀವಾ ಉಳಿಸಿಕೊಂಡ್ರು."

ಕಾಶಿರಾಮ ಬೆರಗಾದ; ಇದೇ ಕಥೆಯನ್ನು ಅವನು ಬೇರೆಡೆ ಕೇಳಿದ್ದ. ಇಟಲಿಯಲ್ಲಿ ಅವನ ತುಕಡಿ ಮುದಿ ಗೇಣಿದಾರನೊಬ್ಬನ ಕೊಟ್ಟಿಗೆಯಲ್ಲಿ ಚಳಿಗಾಲ ಕಳೆದಿತ್ತು. ಗುಡ್ಡದ ಮೇಲಿನ ಹಾಳು ಕೋಟೆಯನ್ನೂ ಕೆಳಗೆ ರೋಮಿನವರು ಹಾಸಿದ್ದ ಕಲ್ಲುದಾರಿಯನ್ನೂ ತೋರಿಸಿ ಆ ಮುದುಕ ಹೇಳಿದ್ದನ್ನು, ಭಾಷೆ ಬಲ್ಲ ಹವಾಲ್ದಾರ ತಿಳಿಸಿದ್ದ. ರೋಮಿನ ರಾಜ್ಯ ಕುಸಿದ ಮೇಲೆ ಆ ದಾರಿಯಲ್ಲಿ ಕೊಳ್ಳೆಗಾರರು ಬಂದರು. ರೈತರು ಕೋಟೆಯವನಿಗೆ ಹೊಲ ಒಪ್ಪಿಸಿ ಆಸರೆ ಪಡೆದರು. ಕೊಳ್ಳೆಗಾರರು ಹೋದರು, ಕೋಟೆಯವನ ಬಿಟ್ಟಿ ದುಡಿಮೆ ಹೋಗಲಿಲ್ಲ.

"ಈಗ ಯಾವ ಲೂಟಿಯವರು ಅದಾರ, ಯಪ್ಪಾ? ನಾಳೆ ನಮ್ಮ ಹೊಲಾನ ಉಳೂಣು."

"ಹುಚ್ಚಾ! ಹೊಲಾ ಬಿಡಿಸ್ತಾರ."

ಬೆಳಗಾದಾಗ ಮನೆಯಲ್ಲಿ ಅಪ್ಪನೂ ಇರಲಿಲ್ಲ, ಎತ್ತುಗಳೂ ಇರಲಿಲ್ಲ. ಕಾಶಿರಾಮ ವಾಡೆಯ ಹೊಲಕ್ಕೆ ಓಡಿದ. ಅಪ್ಪ ಆಗಲೇ ಒಂದು ಸಾಲು ಮುಗಿಸಿದ್ದ. ದೇಸಾಯರು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು.

"ಎತ್ತು ಒಯ್ಯತೇನ್ರಿ, ಧಣಿ. ಗೇಣಿ ಕೊಡತೇವಿ. ಬಿಟ್ಟಿ ಬರೂದಿಲ್ಲ," ಎಂದ ಕಾಶಿರಾಮ.

ದೇಸಾಯರು ಅವನ ಕಡೆ ನೋಡಲೂ ಇಲ್ಲ. "ಪುಂಡಲೀಕಾ, ನಿನ್ನ ಮಗನ್ನ ಮನೀ ಬಿಟ್ಟು ಹೊರಗ ಹಾಕು. ಹೊಲ ನಿನಗ ಇರತೈತಿ."

ಪುಂಡಲೀಕ ನೇಗಿಲ ಮೇಳಿ ಕೈಬಿಟ್ಟ. ಆಮೇಲೆ ಬಾಗಿ ಎತ್ತುಗಳನ್ನು ನೊಗದಿಂದ ಬಿಚ್ಚಿದ.

"ಯುದ್ಧ ಮುಗಿಯೂತನಕ ಇವ ಸತ್ತಾನಂತ ತಿಳಿದಿದ್ದೆ, ಧಣಿ. ಇನ್ನೊಮ್ಮೆ ಕಳಕೊಳ್ಳಾಕ ನನ್ನ ಕೈಲಿ ಆಗೂದಿಲ್ರಿ."

ಆ ವರ್ಷ ಅವರು ತಮ್ಮ ಹೊಲವನ್ನು ಹದದಲ್ಲೇ ಬಿತ್ತಿದರು, ಭತ್ತ ಚೆನ್ನಾಗಿ ಬಂತು. ಸುಗ್ಗಿ ಮುಗಿದದ್ದೇ ದೇಸಾಯರು ಹೊಲ ಬಿಡಿಸಿದರು. ಕಾಶಿರಾಮ ಸಂಸಾರದೊಡನೆ ದಾಂಡೇಲಿಗೆ ಹೋಗಿ ಕಟ್ಟಿಗೆ ಡಿಪೋದಲ್ಲಿ ಎತ್ತುಗಳಿಂದ ದಿಮ್ಮಿ ಎಳೆಸುವ ಕೆಲಸ ಹಿಡಿದ. ಮುದುಕ ಮಗನನ್ನು ಬೈಯಲಿಲ್ಲ, ಆದರೆ ಮೋಡ ಕಟ್ಟಿದಾಗಲೆಲ್ಲ ಊರಿನ ದಾರಿಯಲ್ಲಿ ಒಂದಷ್ಟು ದೂರ ನಡೆದು ಹಿಂದಿರುಗುತ್ತಿದ್ದ.

ಹಾಗೆ ಹೋದಾಗ ಒಂದು ದಿನ ಊರಿನ ಗಾಡಿಯವನೊಬ್ಬ ಸಿಕ್ಕಿ, ಈ ಸಲ ಕೆಲವು ಮನೆಯವರು ದೇಸಾಯರ ಬಿಟ್ಟಿಗೆ ಹೋಗಲಿಲ್ಲವೆಂದ.

"ಯಾರ್ಯಾರು?" ಎಂದು ಮುದುಕ ಗಾಡಿಯ ಮೂಕಿ ಹಿಡಿದು ನಿಲ್ಲಿಸಿದ. "ಒಬ್ಬೊಬ್ಬರದ ಹೆಸರ ಹೇಳು."