ಎರಡನೆಯ ಸಹಿ

ಮೂರು ಸೊನ್ನೆ ಇದ್ದದ್ದು ನಿಜ. ಅದರ ಮುಂದಿದ್ದದ್ದು ಒಂದೋ, ಐದೋ? ಅಂಕಿ ಕಂಡಿತ್ತೇ, ಅಥವಾ ಹುಡುಗಿ ಹೇಳಿದ್ದಕ್ಕೆ ಕಂಡಂತಾಯಿತೇ? ಮೇಟ್ರನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ನರ್ಸಿಂಗ್ ಟ್ಯೂಟರ್ ಅದನ್ನೇ ಕೆದಕುತ್ತಿದ್ದರು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಅದು. ಕೊಡಬೇಕಿದ್ದ ಸಾವಿರ ಯೂನಿಟ್ಟಿನ ಸೀಸೆಯ ಪಕ್ಕದಲ್ಲೇ ಐದು ಸಾವಿರದ್ದೂ ಇತ್ತು. ಎರಡಕ್ಕೂ ಒಂದೇ ಬಣ್ಣದ ಮುಚ್ಚಳ. ನರ್ಸಿಂಗ್ ಎರಡನೇ ವರ್ಷದ ಹುಡುಗಿಯ ಕೈಗೆ ಸಿಕ್ಕಿದ್ದು ಐದು ಸಾವಿರದ್ದು. ಸಂಜೆಗೆ ರೋಗಿಯ ಮೂಗಿನಿಂದ ರಕ್ತ ಬಂತು. ಮರುಮದ್ದು ಕೊಟ್ಟು ಉಳಿಸಿಕೊಂಡರು.

ಇಂಥ ಔಷಧಿಗೆ ಇಬ್ಬರ ಸಹಿ ಬೇಕು. ಎರಡನೆಯವರು ಸೀಸೆಯ ಮೇಲಿನ ಚೀಟಿಯನ್ನು ತಾವೇ ಓದಬೇಕು. ಇದನ್ನು ಕಲಿಸಿದವರೂ ಈ ಟ್ಯೂಟರೇ. "ಕೇಳಿಸ್ಕೊಂಡು ಸಹಿ ಹಾಕೋರು ಮದುವೆಗೆ ಸಾಕ್ಷಿ ಹಾಕ್ಲಿ, ಔಷಧಿಗೆ ಬೇಡ" ಎಂದರೆ ತರಗತಿಯೆಲ್ಲ ನಗುತ್ತಿತ್ತು.

ದಾರ ಕಟ್ಟಿದ ಕನ್ನಡಕ ಹಾಕುವ ವಾರ್ಡಿನ ಹಿರಿಯ ಸಿಸ್ಟರನ್ನು ಅವರು "ದುರ್ಬೀನು" ಎಂದು ಕರೆದಾಗಲೂ ತರಗತಿ ನಕ್ಕಿತ್ತು. ಹೋದ ತಿಂಗಳು ಟ್ಯೂಟರಿಗೇ ಕನ್ನಡಕ ಬಂದಿತ್ತು.

"ಪೇಪರ್ ಅಷ್ಟು ದೂರ ಹಿಡೀತೀರಲ್ರೀ, ಇನ್ನು ಪಕ್ಕದ ಮನೆಯವ್ರೇ ಹಿಡ್ಕೋಬೇಕು" ಎಂದು ಹೆಂಡತಿ ಹಟ ಮಾಡಿ ಕೊಡಿಸಿದ್ದಳು. ಅದು ಚೀಲದ ತಳದಲ್ಲೇ ಉಳಿದಿತ್ತು. ಹುಡುಗಿ ಸೀಸೆ ಎತ್ತಿ ಹಿಡಿದು "ಸಾವಿರ, ಅಲ್ವಾ ಸರ್?" ಎಂದಾಗ, ಸುತ್ತ ಆರು ಜನ ವಿದ್ಯಾರ್ಥಿಗಳು. ಟ್ಯೂಟರ್ ತಲೆಯಾಡಿಸಿ ಸಹಿ ಹಾಕಿದರು.

ಒಳಗೆ ಮೇಟ್ರನ್ ಅಷ್ಟೇನೂ ಕೂಗಾಡಲಿಲ್ಲ. "ನೀನೇ ಓದಿದ್ಯೇನಮ್ಮಾ?"

"ಹೌದು ಮೇಡಂ. ತಪ್ಪಾಗಿ ಓದ್ದೆ."

"ನೀವೂ ನೋಡಿದ್ರಾ?"

"ನೋಡಿದೆ ಮೇಡಂ," ಎಂದರು ಟ್ಯೂಟರ್. "ಅಂಕಿ ತುಂಬ ಸಣ್ಣದು."

ಅವರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಹುಡುಗಿಗೆ ಆರು ತಿಂಗಳ ವಾರ್ಡ್ ಕೆಲಸ ಮತ್ತೆ ಮೊದಲಿನಿಂದ. ಜೊತೆಯವರು ಮುಂದಿನ ವರ್ಷಕ್ಕೆ ಹೋಗುತ್ತಾರೆ.

ಮೆಟ್ಟಿಲ ಬಳಿ ಅವಳು ಕಾದಿದ್ದಳು. ಅತ್ತು ಮೂಗು ಕೆಂಪಾಗಿತ್ತು.

"ಸರ್, ಒಂದ್ ಮಾತು. ನಿಮಗೂ ಸಾವಿರ ಅಂತಾನೇ ಕಾಣಿಸ್ತಲ್ವಾ?"

"ಹ್ಞೂಂ."

"ಅಷ್ಟು ಸಾಕು ಸರ್. ನನ್ ತಲೆನೇ ಕೆಟ್ಟಿದೆ ಅಂದ್ಕೊಂಡಿದ್ದೆ. ನಿಮಗೇ ಹಾಗೆ ಕಂಡಿದೆ ಅಂದ್ಮೇಲೆ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಥ್ಯಾಂಕ್ಸ್ ಸರ್."

ಅವರ ಕೈ ಚೀಲದೊಳಗೆ ಕನ್ನಡಕದ ಡಬ್ಬಿಯ ಮೇಲಿತ್ತು. ಅವಳು ಮೆಟ್ಟಿಲಿಳಿದು ಹೋಗುವವರೆಗೂ ಹಾಗೇ ಇತ್ತು.

ಸೊನ್ನೆಗಳ ಮುಂದಿನ ಆ ಅಂಕಿ ತನಗೆ ಕಂಡೇ ಇರಲಿಲ್ಲವೆಂದು ಅವರು ಅವಳಿಗೆ ಎಂದೂ ಹೇಳಲಿಲ್ಲ.