ಐದು ಹೆಜ್ಜೆಯ ಮರೆ

ಭುಜದ ಶಸ್ತ್ರಚಿಕಿತ್ಸೆಯಾದ ಮೇಲೂ ಆರ್ವಿಡ್ ಬಿಲ್ಲು ಎಳೆಯಬಲ್ಲವನಾಗಿದ್ದ, ಬೇಗ ಎಳೆಯಬಲ್ಲವನಾಗಿರಲಿಲ್ಲ. ಮರದ ಮೇಲಿನ ಅಟ್ಟಣಿಗೆ ಹತ್ತುವುದು ಬೇಡವೆಂದು ವೈದ್ಯರು ಹೇಳಿದ್ದರು. ಇನ್ನು ನೆಲದಲ್ಲೇ ಮರೆ ಮಾಡಿಕೊಂಡು ಕೂರಬೇಕು. ಈ ಶರತ್ಕಾಲದಲ್ಲಿ ಒಂದು ಜಿಂಕೆಯನ್ನಾದರೂ ಒದ್ದಾಡಿಸದೆ ಒಂದೇ ಬಾಣಕ್ಕೆ ಕೆಡವಬೇಕು, ಆಗದಿದ್ದರೆ ಬಿಲ್ಲನ್ನು ಗೋಡೆಗೆ ನೇತುಹಾಕಿಬಿಡುತ್ತೇನೆ ಎಂದು ನನಗೊಬ್ಬನಿಗೆ ಹೇಳಿದ್ದ. ನನ್ನ ಹೊಲ ಅವನ ಬೇಲಿಯಾಚೆಯದು. ವಿಸ್ಕಾನ್ಸಿನ್ನಿನ ಈ ಕಣಿವೆಯಲ್ಲಿ ಮೂವತ್ತು ವರ್ಷ ಇಬ್ಬರೂ ಜೊತೆಯಲ್ಲೇ ಬೇಟೆಯಾಡಿದವರು.

ಮೊದಲು ಅವನು ಹಳೆಯ ಪದ್ಧತಿಯಂತೆ ಸೋಯಾ ಹೊಲದ ಅಂಚಿನಲ್ಲಿ ಬಿದ್ದ ಓಕ್ ಮರಕ್ಕೆ ಕೊಂಬೆಗಳನ್ನು ಒರಗಿಸಿ ಎದೆಯೆತ್ತರದ ಮರೆ ಕಟ್ಟಿದ. ಜಿಂಕೆಯ ತಲೆ ಯಾವುದಾದರೂ ಮರದ ಬೊಡ್ಡೆಯ ಹಿಂದೆ ಹೋದಾಗ ಬಿಲ್ಲೆಳೆಯುವುದು ಅವನ ರೂಢಿ. ಮುಂಚೆ ಅದಕ್ಕೆ ಜಿಂಕೆಯ ಎರಡು ಹೆಜ್ಜೆಯಷ್ಟು ಹೊತ್ತು ಸಾಕಿತ್ತು. ಈಗ ಆ ತಲೆ ಈಚೆ ಬಂದಾಗಲೂ ಅವನ ಮೊಣಕೈ ಹಿಂದಕ್ಕೆ ಸರಿಯುತ್ತಲೇ ಇತ್ತು. ಹೆಣ್ಣು ಜಿಂಕೆ ಮುಂಗಾಲು ಕುಟ್ಟಿ, ಮೂಗಿನಿಂದ ಫೂತ್ಕರಿಸಿ, ಬಿಳಿ ಬಾಲವೆತ್ತಿ ಓಡಿತು. ಮರುದಿನವೂ ಅದೇ ಕಥೆ.

"ಗ್ಯಾರೇಜಲ್ಲಿ ಬೇಟೆ ಗುಡಾರ ತಂದಿಟ್ಟಿದೀನಲ್ಲ ಮಾರಾಯ," ಎಂದಳು ಅವನ ಹೆಂಡತಿ ಮಾರೆನ್, ಕಾಫಿ ಬಗ್ಗಿಸುತ್ತ. "ಒಳಗೆಲ್ಲ ಕಪ್ಪು ಬಟ್ಟೆ. ನೀನು ಕುಣಿದ್ರೂ ಜಿಂಕೆಗೆ ಕಾಣಲ್ಲ."

"ಹೊಲದಲ್ಲಿ ಕಕ್ಕಸುಮನೆ ನಿಲ್ಲಿಸಿದ ಹಾಗಿರುತ್ತೆ."

"ನಿನ್ನ ಸೌದೆ ರಾಶಿಗಿಂತ ವಾಸಿ. ಲೋವೆಲ್, ನೀನಾದ್ರೂ ಹೇಳೋ."

"ಗುಡಾರ ನಿಲ್ಲಿಸೋಣ. ಆದ್ರೆ ಎರಡು ವಾರ ಆ ಕಡೆ ಹೋಗೋ ಹಾಗಿಲ್ಲ. ಹೊಸ ವಸ್ತು ಅಂದ್ರೆ ಜಿಂಕೆ ಸುತ್ತು ಬಳಸಿ ಹೋಗುತ್ತೆ," ಎಂದೆ.

ಗುಡಾರ ನಿಲ್ಲಿಸಿ ಅದರ ಮೈಗೆಲ್ಲ ಸೀಡರ್ ಸೊಪ್ಪು ಸಿಕ್ಕಿಸಿದೆವು. ಎರಡು ವಾರ ಕಳೆದ ಮೇಲೆ ಕಪ್ಪು ಅಂಗಿ ತೊಟ್ಟು ಇಬ್ಬರೂ ಒಳಗೆ ಕೂತೆವು. ಸಂಜೆ ಬಿಸಿಲು ಇಳಿಯುವ ಮುಂಚೆ ಹೆಣ್ಣು ಜಿಂಕೆಯೊಂದು ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಆರ್ವಿಡ್ ನಿಧಾನವಾಗಿ, ಹಲ್ಲು ಕಚ್ಚಿ ಎಳೆದ. ಜಿಂಕೆ ಕಿವಿಯನ್ನೂ ಅಲುಗಿಸಲಿಲ್ಲ. ಅವನು ಬಾಣ ಬಿಟ್ಟ.

ಪಟ್ಟೆಂದು ಬಟ್ಟೆ ಹರಿದ ಸದ್ದಾಯಿತು. ಬಾಣ ಜಿಂಕೆಯ ಹೊಟ್ಟೆಯ ಕೆಳಗೆ ನೆಲಕ್ಕೆ ನಾಟಿತು. ಜಿಂಕೆ ಜಿಗಿದು ಕಾಡು ಸೇರಿತು. ಗುಡಾರದ ಕಿಟಕಿಯೊಳಗಿಂದ ಅವನ ಕಣ್ಣಿಗೆ ಜಿಂಕೆ ಪೂರ್ತಿ ಕಂಡಿತ್ತು. ಆದರೆ ಬಾಣ ಹೊರಡುವುದು ಕಣ್ಣಿಗಿಂತ ನಾಲ್ಕು ಬೆರಳು ಕೆಳಗಿನಿಂದ. ಕಿಟಕಿಯ ಕೆಳ ಅಂಚು ಅದಕ್ಕೆ ಅಡ್ಡ ಬಂದಿತ್ತು.

ಅವನು ಬಹಳ ಹೊತ್ತು ಆ ಹರಿದ ಅಂಚನ್ನೇ ಸವರುತ್ತ ಕೂತ. "ಇನ್ನೊಂಚೂರು ಮೇಲೆ ಹೋಗಿದ್ರೆ ಹೊಟ್ಟೆ ಸೀಳ್ತಿತ್ತು ಕಣೋ. ಎರಡು ದಿನ ನರಳಿ ಸಾಯ್ತಿತ್ತು."

"ಕುರ್ಚಿ ಎತ್ತರ ಮಾಡ್ಕೊ."

"ಮಾಡಿದ್ರೆ ಬಿಲ್ಲಿನ ತುದಿ ಸೂರಿಗೆ ತಾಗುತ್ತೆ. ಇದನ್ನ ಹೊಲಿದೋನು ನನ್ನ ಭುಜ ನೋಡಿ ಹೊಲಿದಿಲ್ಲವಲ್ಲ."

ಬಿಲ್ಲು ಗೋಡೆಗೇರಿತು ಎಂದೇ ನಾನು ತಿಳಿದೆ. ಮರುದಿನ ಬೆಳಿಗ್ಗೆ ಹೋದರೆ ಅವನು ಗುಡಾರ ಮಡಚಿಟ್ಟು, ಓಕ್ ಮರದ ಬಳಿ ಒಂದೇ ಕೈಯಲ್ಲಿ ಸೀಡರ್ ಕೊಂಬೆ ಎಳೆಯುತ್ತಿದ್ದ. ಈ ಸಲದ ಮರೆ ಬೇರೆ ಥರದ್ದು. ಬೆನ್ನ ಹಿಂದೆ ಗುಡಾರದೊಳಗಿನ ಹಾಗೆ ಕತ್ತಲೆ ಕವಿಯುವಷ್ಟು ದಟ್ಟ ಸೊಪ್ಪು. ಬಾಣದ ಕಂಡಿ ಮೊಣಕಾಲಿನವರೆಗೆ ಇಳಿದಿತ್ತು. ಎಡಕ್ಕೆ, ಜಿಂಕೆ ಬರುವ ಜಾಡಿನುದ್ದಕ್ಕೂ, ಆಳೆತ್ತರದ ಗೋಡೆ.

"ಇಷ್ಟುದ್ದ ಯಾಕೋ?"

"ಜಿಂಕೆಗೆ ಐದು ಹೆಜ್ಜೆ. ಈಗ ನನಗೆ ಅಷ್ಟು ಹೊತ್ತು ಬೇಕು."

"ಕಾಣದೆ ಹೆಂಗೆ ಎಳೀತೀಯ?"

"ಕಿವಿಗೇನೂ ಆಪರೇಷನ್ ಆಗಿಲ್ಲ."

ಜಾಡಿನ ಮೇಲೆ ಒಣಗಿದ ಓಕ್ ಎಲೆ ಹರಡಿ ಬಂದೆವು. ಬರೀ ಕಾಡಿನ ಸೊಪ್ಪಾದ್ದರಿಂದ ಇದಕ್ಕೆ ಒಂದು ವಾರ ಬಿಟ್ಟರೆ ಸಾಕಿತ್ತು. ಆ ವಾರವೆಲ್ಲ ಅವನು ಮನೆಯ ಹಿಂದೆ ಅದೇ ಕುರ್ಚಿಯಲ್ಲಿ ಕೂತು ಹುಲ್ಲುಕಂತೆಗೆ ಬಾಣ ಹೊಡೆದ.

ಶನಿವಾರ ಬೆಳಿಗ್ಗೆ ಇಬ್ಬರೂ ಮರೆಯಲ್ಲಿ ಕೂತಿದ್ದಾಗ ಎಲೆ ಸದ್ದಾಯಿತು. ಆರ್ವಿಡ್ ಕಣ್ಣು ಮುಚ್ಚಿ ಕೇಳಿಸಿಕೊಂಡ. ಮತ್ತೊಂದು ಹೆಜ್ಜೆ. ಅವನ ಕೈ ಹಿಂದಕ್ಕೆ ಹೊರಟಿತು, ಅರ್ಧಕ್ಕೆ ನಿಂತಿತು, ಮತ್ತೆ ಹೊರಟಿತು. ಜಿಂಕೆಯ ಮೂಗು ಕಂಡಿಯಲ್ಲಿ ಕಾಣಿಸುವ ಹೊತ್ತಿಗೆ ಅವನು ಬಿಲ್ಲನ್ನು ಪೂರ್ತಿ ಎಳೆದು ಅಲ್ಲಾಡದೆ ಕೂತಿದ್ದ. ಜಿಂಕೆಯ ಭುಜದ ಹಿಂದಿನ ಜಾಗ ಕಂಡಿಗೆ ಬಂದಿತು. ಬಾಣ ಹೋದದ್ದು ನನಗೆ ಕಾಣಲೇ ಇಲ್ಲ. ಜಿಂಕೆ ನಲವತ್ತು ಗಜ ಓಡಿ, ಸೋಯಾ ಸಾಲಿನಲ್ಲಿ ಮಡಚಿಕೊಂಡು ಬಿತ್ತು.

ಬಿದ್ದದ್ದು ಕಣ್ಣೆದುರೇ ಇದ್ದರೂ ಅರ್ಧ ಗಂಟೆ ಏಳದೆ ಕಾಯುವುದು ನಮ್ಮ ಕ್ರಮ. ಆರ್ವಿಡ್ ಬಿಲ್ಲನ್ನು ತೊಡೆಯ ಮೇಲಿಟ್ಟು ಭುಜ ಹಿಡಿದುಕೊಂಡ.

"ನೋವಾ?"

"ಉರೀತಿದೆ ಕಣೋ. ಜೂನ್‌ನಲ್ಲಿ ಮತ್ತೆ ಬಿಲ್ಲು ಹಿಡಿದಾಗಿಂದ ಹಿಂಗೇ. ಯಾರಿಗೂ ಹೇಳಿರಲಿಲ್ಲ."